ಬೂದೆಪ್ಪ ಕಟ್ಟಿದ ರೇಸ್ ಗಾಡಿ

ಬೂದೆಪ್ಪ ಚಿತ್ತಾಪುರದ ಕಡೆಯವನು. ತಂದೆ ತಾಯಿ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಬಂದಾಗ ಇವನೂ ತಲೆಯ ಮೇಲೆ ಬುಟ್ಟಿ ಹೊತ್ತ. ಮರಳು ಹೊರುವುದು ಸಾಕಾಗಿ ನಾರಾಯಣಗೂಡದ ಒಂದು ಗ್ಯಾರೇಜಿಗೆ ಹೋಗಿ ನಿಂತ. ನಟ್ಟು ಬೋಲ್ಟು ಬಿಚ್ಚುವ ಪಾನಾ ಹಿಡಿಯುವುದನ್ನು ಅಲ್ಲೇ ಕಲಿತ. ಮದುವೆಯಾದ ಮೇಲೆ ಉಪ್ಪಲ್‌ನಲ್ಲಿ ತಗಡು ಹೊದಿಸಿ ಸ್ವಂತ ಶೆಡ್ ಮಾಡಿದ. ಹಿಂದೆ ಒಂದು ಕೋಣೆ. ಅದರಲ್ಲಿ ಅವನು, ಹೆಂಡತಿ ಅನ್ನಮ್ಮ. ಮಕ್ಕಳಾಗಲಿಲ್ಲ.

ಸಾಫ್ಟ್‌ವೇರ್ ಕೆಲಸಗಳು ಬಂದು ಊರು ಉಬ್ಬಿದ ವರ್ಷಗಳು ಅವು. ಮಂದಿ ಸಾಲ ಮಾಡಿ ಹೊಸ ಕಾರು ತಂದರು. ಹೊಸವು ಕಂಪನಿಯ ಸರ್ವಿಸಿಗೆ ಹೋದವು, ಹಳೆಯವು ಬೂದೆಪ್ಪನ ಪಾಲಿಗೆ ಬಂದವು. ದುರಸ್ತಿ ಮಾಡಿ, ಬೀದಿಯ ತುದಿಯವರೆಗೆ ಓಡಿಸಿ ನೋಡಿ, ತಿರುಗಿ ತಂದು ಕೀಲಿ ಕೊಡುತ್ತಿದ್ದ. ಇಡೀ ಜೀವನದಲ್ಲಿ ಅವನು ಕಾರು ಓಡಿಸಿದ್ದು ಅಷ್ಟೇ ದೂರ.

ತಾರ್ನಾಕದ ಆನಂದಕುಮಾರ ಅವನ ಗಿರಾಕಿ. ರಾಯಚೂರು ಕಡೆಯ ಮನೆತನ, ತಂದೆ ಕೇಂದ್ರ ಸರಕಾರದ ಕಾರ್ಖಾನೆಯಲ್ಲಿದ್ದವರು. ಇವನು ಸಾಫ್ಟ್‌ವೇರ್ ಆಫೀಸಿನಲ್ಲಿದ್ದ. ಆನಂದಕುಮಾರನಿಗೆ ಡ್ರ್ಯಾಗ್ ರೇಸಿನ ಹುಚ್ಚು ಹತ್ತಿತು. ಊರ ಹೊರಗೆ ವಿಮಾನ ಇಳಿಯುತ್ತಿದ್ದ ಪಾಳುಬಿದ್ದ ಪಟ್ಟಿಯ ಮೇಲೆ ಎರಡು ಕಾರು ಜೋಡಿಯಾಗಿ ನಿಲ್ಲುತ್ತವೆ. ದೀಪ ಹಸಿರಾದರೆ ನೆಟ್ಟಗೆ ಕಾಲು ಮೈಲಿ ಓಡಬೇಕು. ತಿರುವಿಲ್ಲ, ಏನಿಲ್ಲ. ಮುಂದೆ ಹೋದವನು ಗೆದ್ದ.

“ಅಣ್ಣಾ, ಕೊಯಮತ್ತೂರಿನಾಗ ರೇಸಿಗಂತ ಕಟ್ಟಿದ ಒಂದು ತಯಾರ್ ಗಾಡಿ ಐತಿ,” ಎಂದ ಆನಂದಕುಮಾರ. “ತಗೊಂಡ್ರ ಬಂದ ದಿನಾನೇ ಓಡಸಬಹುದು. ಆದ್ರ ಕೈಯಾಗಿನ ರೊಕ್ಕ ಎಲ್ಲಾ ಅದಕ್ಕ ಹೋಗ್ತೈತಿ. ತಗೊಳ್ಳಲೋ, ಕಟ್ಟಿಸಲೋ?”

“ತಯಾರ್ ಗಾಡಿ ಮುರಿದ್ರ ಯಾಕ ಮುರೀತು ಅಂತ ತಿಳಿಯಂಗಿಲ್ಲಪಾ. ನಾವು ಕಟ್ಟಿದ್ದೂ ಮುರೀತೈತಿ. ಆದ್ರ ಯಾಕ ಅಂತ ಗೊತ್ತಿರ್ತೈತಿ.”

ಒಲೆಯ ಮುಂದಿದ್ದ ಅನ್ನಮ್ಮ ಅಲ್ಲಿಂದಲೇ ಕೂಗಿದಳು. “ಕಾಲು ಮೈಲಿ ಹೋಗಾಕ ಕಾರ್ ಯಾಕ ಬೇಕ್ರಿ? ನಾ ನಡ್ಕೊಂತ ಹೋಗ್ತೀನಿ.”

ಕಟ್ಟುವುದೆಂದೇ ಆಯಿತು. ಬೂದೆಪ್ಪ ಕೂಲಿಯ ಮಾತಿಗಿಂತ ಮೊದಲು ಇನ್ನೊಂದು ಮಾತು ಕೇಳಿದ. ಮೊದಲ ಓಟ ತಾನು ಓಡಿಸಬೇಕು. ಆನಂದಕುಮಾರನದು ತುಂಬಿದ ಮೈ. “ನಿಮ್ಮಂಥ ಸಣ್ಣ ಆಳು ಕೂತ್ರ ಗಾಡಿಗೂ ಛಲೋ ಅಣ್ಣಾ,” ಎಂದು ಒಪ್ಪಿದ.

ಹಳೆಯ ಎಸ್ಟೀಮ್ ಕಾರೊಂದು ಅಗ್ಗಕ್ಕೆ ಸಿಕ್ಕಿತು. ಎಂಜಿನ್ನಿನ ಬಲ ಹೆಚ್ಚಿಸಲು ದುಡ್ಡು ಬೇಕು. ಭಾರ ಇಳಿಸಿದರೂ ಗಾಡಿ ಜೋರಾಗುತ್ತದೆ, ಅದಕ್ಕೆ ಪಾನಾ ಸಾಕು. ಬೂದೆಪ್ಪ ಭಾರ ಇಳಿಸಿದ. ಹಿಂದಿನ ಸೀಟು, ಎ.ಸಿ., ಕೆಳಗಿನ ಹಾಸು, ಬಾಗಿಲ ಒಳಗಿನ ಹಲಗೆ, ಒಂದೊಂದೇ ಬಿಚ್ಚಿ ಪಕ್ಕದ ಗುಜರಿ ಅಂಗಡಿಯ ಜಲೀಲ್ ಸಾಹೇಬರ ತೂಕದ ಕಾಟಾದ ಮೇಲೆ ಇಟ್ಟು ನೋಡಿದ. ಪ್ರತಿ ಭಾನುವಾರ ಆನಂದಕುಮಾರ ಬಂದು ಎಷ್ಟು ಇಳಿಯಿತು ಎಂದು ಕೇಳುವನು.

ಒಂದು ಭಾನುವಾರ ಜಲೀಲ್ ಸಾಹೇಬರು, “ಓಡಿಸಾವನೂ ಗಾಡಿ ಒಳಗ ಕೂಡ್ತಾನಲ್ಲೋ. ನೀನೂ ಹತ್ತು,” ಎಂದರು. ಬೂದೆಪ್ಪ ಹತ್ತಿದ. ಅಲ್ಲಿಂದ ಅದೇ ರೂಢಿಯಾಯಿತು. ವಾರದಿಂದ ವಾರಕ್ಕೆ ಬೂದೆಪ್ಪನ ತೂಕವೂ ಇಳಿಯುತ್ತ ಬಂತು.

“ಶಾಬಾಸ್! ಗಾಡಿಗಿಂತ ಡ್ರೈವರ್ ಜಲ್ದಿ ಇಳಿಯಾಕತ್ಯಾನ!” ಎಂದರು ಜಲೀಲ್ ಸಾಹೇಬರು.

“ಪುಕ್ಕಟೆ ಸ್ಪೀಡು ಅಣ್ಣಾ!” ಎಂದ ಆನಂದಕುಮಾರ.

ಬೂದೆಪ್ಪ ನಕ್ಕ. ಹೊಟ್ಟೆಯಲ್ಲಿ ಉರಿ, ರೊಟ್ಟಿ ಸೇರುತ್ತಿರಲಿಲ್ಲ. ರೇಸಿಗೆ ಒಳ್ಳೆಯದೇ ಆಯಿತು ಎಂದುಕೊಂಡ. ಅರ್ಧ ರೊಟ್ಟಿ ಉಳಿದ ತಾಟು ಎತ್ತುವಾಗ ಅನ್ನಮ್ಮ ಬೈದಳು.

“ಕಾರಿಂದು ಇಳಸ್ರಿ. ನಿಮ್ದು ಯಾಕ ಇಳಸ್ತೀರಿ? ದವಾಖಾನಿಗೆ ನಡೀರಿ.”

“ಒಂದ ಓಟ ಆಗ್ಲಿ, ಅನ್ನಮ್ಮಾ. ಆಮ್ಯಾಲ ನೀ ಕರದಲ್ಲೆ ಬರ್ತೀನಿ.”

“ಅಲ್ಲೀತನಾ ಪ್ಯಾಂಟ್ ನಿಂತ್ರ ಸಾಕು.”

ಅವನು ಪ್ಯಾಂಟಿಗೆ ಸುತಳಿ ಕಟ್ಟಿಕೊಂಡಿದ್ದ. ಆ ಮಾತಿಗೂ ನಕ್ಕ. ಅವಳಿಗೂ ನಗು ಬಂತು.

ರೇಸಿನ ದಿನ ಅವಳೂ ಹೋದಳು. ನೆತ್ತಿ ಸುಡುವ ಬಿಸಿಲು, ಸುಟ್ಟ ರಬ್ಬರಿನ ವಾಸನೆ. ಬೂದೆಪ್ಪ ಹೆಲ್ಮೆಟ್ ಹಾಕಿಕೊಂಡು ಕೂತ. ಪಕ್ಕದಲ್ಲಿ ಯಾರೋ ದುಡ್ಡಿದ್ದವರ ತಯಾರ್ ಗಾಡಿ. ಕ್ಲಚ್ಚು ಜಾರಬಾರದೆಂದು ಬೂದೆಪ್ಪ ಬಿರುಸಾದ ಸ್ಪ್ರಿಂಗ್ ಹಾಕಿದ್ದ. ಅದನ್ನು ಪೂರ್ತಿ ಒತ್ತಿ ಹಿಡಿದು ದೀಪಕ್ಕೆ ಕಾಯಬೇಕು. ಒತ್ತಿದ. ಕಾಲು ನಡುಗಿತು. ಎರಡೂ ಕೈಯಿಂದ ಮೊಣಕಾಲು ಅದುಮಿದ. ದೀಪ ಹಸಿರಾಗುವ ಮೊದಲೇ ಕಾಲು ಸೋತಿತು. ಗಾಡಿ ಒಮ್ಮೆ ಜಿಗಿದು ಬಂದ್ ಬಿತ್ತು.

ಇನ್ನೊಂದು ಸಲ ಬಿಟ್ಟರು. ಆಗಲೂ ಹಾಗೇ ಆಯಿತು.

ಬೂದೆಪ್ಪ ಇಳಿದ. ಅಷ್ಟು ದಿನ ಕಾಟಾದ ಮುಳ್ಳು ನೋಡಿದ ಆನಂದಕುಮಾರ ಅವತ್ತು ಅವನ ಕಾಲು ನೋಡಿದ.

“ನಡೀರಿ ದವಾಖಾನಿಗೆ. ಈಗ,” ಎಂದಳು ಅನ್ನಮ್ಮ.

“ಆನಂದಪ್ಪ ಓಡಸ್ಲಿ. ನೋಡಿ ಹೋಗೂಣು.”

ಆನಂದಕುಮಾರ ಬೇಡ ಅಂದ. ಬೂದೆಪ್ಪ ಬೈದು ಕೂಡಿಸಿದ. ದೀಪ ಹಸಿರಾಯಿತು. ತಯಾರ್ ಗಾಡಿ ಮುಂದೆ ಹೋಯಿತು. ಇವರದು ಹಿಂದೆಯೇ ಹೋಯಿತು, ಭಾಳ ದೂರವೇನಲ್ಲ. ಬೂದೆಪ್ಪ ಹೆಂಡತಿಯ ಹೆಗಲು ಹಿಡಿದು ನಿಂತಿದ್ದ.

“ನೆಟ್ಟಗ ಹೋತು ನೋಡು. ಒಂದೀಟೂ ವಾಲಲಿಲ್ಲ.”

ಅಲ್ಲಿಂದ ಆಟೋ ಹಿಡಿದು ಸೀದಾ ಆಸ್ಪತ್ರೆಗೆ ಹೋದರು. ತೂಕ ಯಾವಾಗಿನಿಂದ ಇಳಿಯುತ್ತಿದೆ ಎಂದು ಡಾಕ್ಟರು ಕೇಳಿದರು. ಹಿಂದಿನಿಂದ ಓಡಿಬಂದ ಆನಂದಕುಮಾರ ವಾರವಾರದ ಲೆಕ್ಕ ಹೇಳತೊಡಗಿದ. ಡಾಕ್ಟರು ಪ್ರತಿಯೊಂದನ್ನೂ ಬರೆದುಕೊಂಡರು. ಪರೀಕ್ಷೆ ಮಾಡಿದರೆ ಹೊಟ್ಟೆಯಲ್ಲಿ ಗಡ್ಡೆ ಇತ್ತು. ಹಬ್ಬಿತ್ತು. ಆ ವರ್ಷದ ದೀಪಾವಳಿಯನ್ನು ಬೂದೆಪ್ಪ ನೋಡಲಿಲ್ಲ.

ಕಾರ್ಯ ಮುಗಿದ ಮೇಲೆ ಆನಂದಕುಮಾರ ಶೆಡ್ಡಿಗೆ ಬಂದ. ಗಾಡಿ ಅಲ್ಲೇ ನಿಂತಿತ್ತು. ಅದನ್ನು ನೋಡದೆ ಕೂತ.

“ಅಕ್ಕಾ, ಅವತ್ತ ನಾ ತಯಾರ್ ಗಾಡಿ ತಗೊಂಡಿದ್ರ ಅಣ್ಣ ಇರ್ತಿದ್ರೇನೋ.”

ಅನ್ನಮ್ಮನೂ ಅದನ್ನು ಯೋಚಿಸಿದ್ದಳು. ಆದರೆ ಗಾಡಿ ಕಟ್ಟಿದ ತಿಂಗಳುಗಳಲ್ಲಿ ಅವನು ಹಾಡಿಕೊಂಡು ಕೆಲಸ ಮಾಡಿದ್ದ. ಅದಕ್ಕೆ ಮೊದಲು ಅವನು ಹಾಡಿದ್ದನ್ನು ಅವಳು ಕೇಳಿರಲಿಲ್ಲ.

“ತಪ್ಪು ಗಾಡಿ ಮ್ಯಾಲ ಹಾಕಬ್ಯಾಡ್ರಿ,” ಎಂದಳು.

“ನನಗ ಇದನ್ನ ನೋಡಾಕ ಆಗವಲ್ದು. ಬಿಚ್ಚಿ ಗುಜರಿಗೆ ಹಾಕಿಬಿಡ್ತೀನಿ.”

“ಬಿಚ್ಚಬ್ಯಾಡ್ರಿ. ಬಿಚ್ಚಾಕಂತ ಅವ್ರು ಕಟ್ಟಿದ್ರೇನು? ಇದ್ದಂಗ ಮಾರ್ರಿ. ಯಾರರೆ ತಯಾರ್ ಗಾಡಿ ಅಂತ ತಗೊಳ್ಳಲಿ. ಮೊದಲು ಕಟ್ಟಿದವ್ರ ಹೆಸರು ಹೇಳ್ರಿ. ಆಮ್ಯಾಲ ರೇಟು ಹೇಳ್ರಿ.”