ಗೇಟಿನ ಆಚೆ ನಿಂತ ಅವ್ವ

ನವೆಂಬರ್ ಮೊದಲ ವಾರದಲ್ಲಿ ಬೈಲಹೊಂಗಲದ ನಮ್ಮ ಕ್ರೈಸ್ತ ಸಭೆಯವರು ತಮ್ಮ ತಮ್ಮವರ ಗೋರಿಗಳಿಗೆ ಸುಣ್ಣ ಹಚ್ಚುತ್ತಾರೆ. ಹಿಂದಿನ ದಿನ ಸುಣ್ಣ ನೆನೆಹಾಕಬೇಕು. ಬೆಳಿಗ್ಗೆ ಏಳಕ್ಕೆ ಹುಲ್ಲು ಕೀಳುವುದು, ಎಂಟಕ್ಕೆ ಸುಣ್ಣ, ಸಂಜೆ ಮೇಣದಬತ್ತಿ ಮತ್ತು ಪ್ರಾರ್ಥನೆ. ನನ್ನ ಗಂಡ ಹೋದ ಮೇಲೆ ಹನ್ನೊಂದು ವರ್ಷ ಈ ಕ್ರಮ ತಪ್ಪಿಸಿಲ್ಲ. ನರ್ಸಾಗಿ ದುಡಿದವಳು ನಾನು, ಗಡಿಯಾರ ನೋಡಿಯೇ ಬದುಕಿದವಳು. ಆದರೆ ಈ ವರ್ಷ ಅರ್ಧ ಗೋರಿಗೆ ಹಚ್ಚಿ ಮುಗಿಸುವಷ್ಟರಲ್ಲಿ ತೋಳು ಸೋತು ಬಕೆಟ್ಟಿನ ಪಕ್ಕ ಕುಳಿತುಬಿಟ್ಟೆ.

ಪಕ್ಕದ ಗೋರಿಯ ಹುಲ್ಲು ಕೀಳುತ್ತಿದ್ದ ವಿಧವೆ, ನನ್ನ ಹಳೆಯ ಗೆಳತಿ, ತಿರುಗಿ ನೋಡಿದಳು. “ಸಾಕ್ ಬಿಡ್ರಿ ಅಕ್ಕಾರ. ಬದುಕಿದ್ದಾಗೂ ನಿಮ್ಮವರು ಇಷ್ಟ್ ಬೆಳ್ಳಗ ಇರಲಿಲ್ಲ.”

ಅಷ್ಟರಲ್ಲಿ ಪಾದ್ರಿಗಳು ಬಂದರು. ಚಿಕ್ಕ ವಯಸ್ಸಿನವರು. ರಾಮದುರ್ಗದಲ್ಲಿ ಆರಾಧನೆ ಮುಗಿಸಿ ಬೈಕಿನ ಮೇಲೆ ಬಂದಿದ್ದರು, ಹುಬ್ಬಿನ ಮೇಲೆಲ್ಲ ಧೂಳು. ನಾನು ಕುಳಿತದ್ದು ನೋಡಿ ದುಃಖದಿಂದ ಎಂದುಕೊಂಡರೇನೋ, ಪರಲೋಕದಲ್ಲಿ ಯಜಮಾನರನ್ನು ಕಂಡೇ ಕಾಣುತ್ತೀರಿ, ಅಲ್ಲಿ ನಮ್ಮವರೆಲ್ಲ ಇರುತ್ತಾರೆ, ದುಃಖವೆಂಬುದೇ ಇರುವುದಿಲ್ಲ ಎಂದರು. ಈ ಮಾತಿಗೆ ಅರವತ್ತು ವರ್ಷ ತಲೆಯಾಡಿಸಿದ್ದೇನೆ. ಅಂದು ತಲೆಯಾಡಿಸಲೂ ಆಯಾಸವಾಗಿತ್ತು.

“ನಮ್ಮವ್ವ ಇರಂಗಿಲ್ಲಲ್ರಿ ಅಲ್ಲಿ” ಎಂದೆ.

ಅವ್ವ ಸಿರಸಂಗಿಯವಳು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಲೆಂದು ಮಿಷನ್ನಿನ ಬೋರ್ಡಿಂಗಿಗೆ ಬಿಟ್ಟಳು. ನಾನು ಅಲ್ಲಿಯೇ ದೀಕ್ಷಾಸ್ನಾನ ಪಡೆದೆ. ಅವಳು ಬೇಡ ಎನ್ನಲಿಲ್ಲ, ತಾನು ಆ ಮತಕ್ಕೆ ಬರಲೂ ಇಲ್ಲ. ಕಾಳಿಕಾದೇವಿಗೆ ಕೈಮುಗಿಯುತ್ತಲೇ ಸತ್ತಳು. ನಮ್ಮ ಬೋಧನೆಯ ಪ್ರಕಾರ ಅವಳು ಪರಲೋಕದ ಹೊರಗೆ. ಅವಳಿಲ್ಲದ ಕಡೆ ನಾನು ಹೇಗೆ ಸುಖವಾಗಿರಬೇಕು ಎಂಬುದು ನನ್ನ ಪ್ರಶ್ನೆ.

ಪಾದ್ರಿಗಳು ಕಲ್ಲಿನ ಅಂಚಿಗೆ ಕುಳಿತು ಸಾವಕಾಶ ಹೇಳಿದರು. ಅಲ್ಲಿ ದೇವರ ನ್ಯಾಯ ನಮಗೂ ಒಪ್ಪಿಗೆಯಾಗುತ್ತದಂತೆ. ದೇವರನ್ನು ಕಂಡ ಕಣ್ಣಿಗೆ ಬೇರೆ ಯಾವ ಕೊರತೆಯೂ ಕಾಣುವುದಿಲ್ಲವಂತೆ. ನೋವು ಕೊಡುವ ನೆನಪುಗಳನ್ನು ದೇವರೇ ತೆಗೆದುಬಿಡುತ್ತಾನೆ ಎಂದು ಹೇಳುವವರೂ ಇದ್ದಾರಂತೆ.

“ಅವ್ವನ್ನ ಮರತು ಒಳಗ ಹೋದಾಕಿ ನಾ ಅಲ್ರಿ, ಯಾರೋ ಬ್ಯಾರೇದಾಕಿ.”

ಅವರು ಸುಣ್ಣದ ಬಕೆಟ್ಟು ತಮ್ಮತ್ತ ಎಳೆದುಕೊಂಡರು. “ನನಗೂ ಗೊತ್ತಿಲ್ರಿ ಅಮ್ಮಾರ. ಕಲಿಸಿದ್ದು ಹೇಳಿದೆ” ಎಂದರು. ಆಮೇಲೆ ಅಂಗಿಯ ತೋಳು ಮಡಚಿ ಉಳಿದರ್ಧ ಗೋರಿಗೆ ತಾವೇ ಸುಣ್ಣ ಹಚ್ಚಿದರು. ಸೊಟ್ಟಗೆ ಹಚ್ಚಿದರು. ನಾನು ತಿದ್ದಲಿಲ್ಲ.

ಮನೆಗೆ ಬಂದು ಮಂಚದ ಮೇಲೆ ಕುಳಿತಾಗ ನಾನಾಡಿದ ಮಾತು ನಿಜವಲ್ಲ ಎಂದು ತಿಳಿಯಿತು.

ಬೋರ್ಡಿಂಗಿನಲ್ಲಿ ಶನಿವಾರ ಎರಡರಿಂದ ನಾಲ್ಕರವರೆಗೆ ಮನೆಯವರ ಭೇಟಿ. ಗಂಟೆ ಬಾರಿಸುವ ಪಾಳಿ ನನ್ನದಿತ್ತು. ಹೊತ್ತು ತಪ್ಪಿಸುವುದಿಲ್ಲವೆಂದು ನನಗೇ ಕೊಟ್ಟಿದ್ದರು, ಅದರ ಹೆಮ್ಮೆ ನನಗೆ. ಒಂದು ಶನಿವಾರ ಅವ್ವ ಬರುವ ಸವದತ್ತಿಯ ಬಸ್ಸು ತಡವಾಯಿತು. ಗಂಟೆಯ ಕೆಳಗೆ ಕೊಡತಿ ಹಿಡಿದು ನಿಂತಿದ್ದಾಗ ದೂರದ ತಿರುವಿನಲ್ಲಿ ಅವ್ವ ಕಂಡಳು. ತಲೆಯ ಮೇಲೆ ರೊಟ್ಟಿಯ ಗಂಟು. ನನ್ನನ್ನು ಕಂಡು ಹೆಜ್ಜೆ ಜೋರು ಮಾಡಿದಳು. ಆಫೀಸಿನ ಗಡಿಯಾರ ನಾಲ್ಕು ತೋರಿಸಿತು. ಬಾರಿಸಿದೆ. ಕಾವಲುಗಾರ ಗೇಟು ಹಾಕಿದ.

ಅವ್ವ ಬೈಯಲಿಲ್ಲ. ಗಂಟು ಬಿಚ್ಚಿ ರೊಟ್ಟಿಯನ್ನು ಸರಳುಗಳ ನಡುವೆ ಒಂದೊಂದಾಗಿ ಒಳಗೆ ಕೊಟ್ಟಳು. “ನೀ ಹೋಗಿ ಉಣ್ಣು. ನಾ ಇಲ್ಲೇ ಒಂದೀಟು ಕುಂತು ಹೋಗತೇನಿ” ಎಂದಳು.

ನಾನು ಹೋಗಿ ಉಂಡೆ. ಗೆಳತಿಯರೊಂದಿಗೆ ಹಂಚಿಕೊಂಡು, ನಕ್ಕು, ಹೊಟ್ಟೆ ತುಂಬ ಉಂಡೆ. ಅವಳು ಹೊರಗೆ ಎಷ್ಟು ಹೊತ್ತು ಕುಳಿತಳೋ ಎಂಬ ಯೋಚನೆ ಮಾರನೆಯ ದಿನ ಬಂತು. ಅವಳಿಲ್ಲದೆ ಒಳಗೆ ಸುಖವಾಗಿರುವುದು ನನ್ನಿಂದ ಆಗದ ಕೆಲಸವಲ್ಲ. ಒಮ್ಮೆ ಮಾಡಿದ್ದೇನೆ. ಆಗ ಉಂಡವಳು ಯಾರೋ ಬೇರೆಯವಳಲ್ಲ, ನಾನೇ.

ಈಗಲೂ ಬೆಳಿಗ್ಗೆ ಐದಕ್ಕೆ ಪ್ರಾರ್ಥನೆಗೆ ಮೊಣಕಾಲೂರುತ್ತೇನೆ. ಮೊದಲು ಸಭೆ, ನಂತರ ರೋಗಿಗಳು, ನಂತರ ಮಕ್ಕಳು, ಕೊನೆಗೆ ನಾನು. ಅವ್ವನನ್ನು ಒಳಗೆ ಬಿಡು ಎಂದು ಕೇಳುವ ಧೈರ್ಯ ನನಗಿಲ್ಲ, ಕಲಿತದ್ದು ಅಡ್ಡ ಬರುತ್ತದೆ. ಅದಕ್ಕೆ ಇಷ್ಟು ಮಾತ್ರ ಕೇಳುತ್ತೇನೆ: ಎಲ್ಲ ನೋವು ತೆಗೆ, ಆ ಗೇಟಿನ ನೋವೊಂದು ನನ್ನಲ್ಲೇ ಬಿಡು. ಕೇಳಿ ಮುಗಿದ ಮೇಲೆ ಮಂಚದ ಕಾಲು ಹಿಡಿದು ಏಳುತ್ತೇನೆ. ಏಳಲು ಈಚೆಗೆ ಬಹಳ ಹೊತ್ತು ಬೇಕಾಗುತ್ತದೆ.