ಹಗ್ಗದ ಕಾವಲು
ಚಂದಾ ಎತ್ತಿ ಜೌಗುನೆಲ ಕೊಂಡು, ಅದನ್ನು ಅದರ ಪಾಡಿಗೆ ಬಿಡುವುದೇ ಕೆಲಸವಾದ ಜಪಾನಿನ ಹೊಕ್ಕೈಡೊದ ಒಂದು ಸಂಘಕ್ಕೆ ಹಿರಾಗಾ ಎಂಬ ಮುದುಕ ಬಿಟ್ಟಿ ಕಾವಲುಗಾರ. "ಸಂಬಳ ಇಲ್ಲದ ನಾಯಿ ಕಣಪ್ಪಾ ನಾನು, ಅದಕ್ಕೇ ಬೊಗಳೋದು ಜಾಸ್ತಿ" ಎಂದು ತಾನೇ ನಗುತ್ತಾನೆ. ಬಂದವರ ಬೂಟಿಗೆ ಹೊರಗಿನ ಕಳೆಬೀಜ ಅಂಟಿದ್ದೀತೆಂದು ಬ್ರಷ್ಷು ಹಿಡಿದು ಮಂಡಿಯೂರುತ್ತಾನೆ; ಸಂಘದ ಅಧ್ಯಕ್ಷರನ್ನೂ ಒಂಟಿಕಾಲಲ್ಲಿ ನಿಲ್ಲಿಸಿದ್ದಾನೆ. ಜೌಗಿನಂಚಿಗೆ ಕಟ್ಟಿದ ಹಗ್ಗದಾಚೆ ಯಾರ ನೆರಳು ಬಿದ್ದರೂ ಗಟ್ಟಿಯಾಗಿ ಕೆಮ್ಮುತ್ತಾನೆ. ಅನ್ನದುಂಡೆಯ ಮೇಲಿನ ಹುರಿದ ಎಳ್ಳೂ ಉದುರಿ ಎಲ್ಲಿ ಮೊಳೆತೀತೋ ಎಂದು ಕೆಳಗೆ ಅಂಗೈಯೊಡ್ಡಿಯೇ ತಿನ್ನುತ್ತಾನೆ. ಅವನು ವರ್ಷಗಟ್ಟಲೆ ಕಾದಿದ್ದ ಕೆಂಪುನೆತ್ತಿಯ ಕೊಕ್ಕರೆ ಜೋಡಿ ಈ ವಸಂತದಲ್ಲಿ ಬಂದೇ ಬಂತು. ಗೂಡು ಕಟ್ಟಿದ್ದು ಮಾತ್ರ ಅವನ ಕಾವಲುಮನೆಯ ಬೆನ್ನಿಗೇ. ಗೂಡಿನ ಹತ್ತಿರ ನರಮನುಷ್ಯ ಸುಳಿಯಬಾರದೆಂಬುದು ಅವನೇ ಹಟ ಹಿಡಿದು ತಂದ ನಿಯಮ. ಕುರ್ಚಿಯನ್ನೂ ಚಹಾದ ಫ್ಲಾಸ್ಕನ್ನೂ ಎತ್ತಿಕೊಂಡು ಹೊರಬಂದವನು ತನ್ನ ಬಾಗಿಲಿಗೇ ಹಗ್ಗ ಕಟ್ಟಿದ. ಈಗ ರಸ್ತೆಬದಿಯಲ್ಲಿ ಕೊಡೆ ಹಿಡಿದು ಕೂತಿರುತ್ತಾನೆ. "ಮರಿ ನೋಡಿದ್ರಾ ಅಜ್ಜಾ?" ಎಂದು ಹಾಲಿನ ವ್ಯಾನಿನವಳು ಕೇಳಿದರೆ, ಮುಖವೆಲ್ಲ ಅರಳಿಸಿಕೊಂಡು ಹೇಳುತ್ತಾನೆ: "ಎಲ್ಲಿ ನೋಡೋದು ತಾಯೀ? ಅಲ್ಲೊಬ್ಬ ಹಾಳು ಮುದುಕ ಇದಾನೆ, ಪ್ರಾಣ ಹೋದ್ರೂ ಒಳಗೆ ಬಿಡಲ್ಲ!"