ಒಂದೇ ಬಾಟಲಿಯ ಓತಿಕ್ಯಾತಗಳು

ಶಾಲೆಯ ಹಳೆಯ ಪ್ರಯೋಗಾಲಯ ಖಾಲಿ ಮಾಡುವಾಗ ನನ್ನ ಕೈಬರಹ ಗುರುತಿಸಿದ ಯಾರೋ ಪುಣ್ಯಾತ್ಮರು ಈ ಬಾಟಲಿಯನ್ನು ಮನೆಗೆ ಕಳಿಸಿದ್ದಾರೆ. ಮುಚ್ಚಳ ತೆಗೆದದ್ದೇ ತಡ, ಫಾರ್ಮಲಿನ್ ವಾಸನೆಗೆ ಕಣ್ಣಲ್ಲಿ ನೀರು ಬಂತು. ಒಳಗೆ ಬೆರಳುದ್ದದ ಆರು ಓತಿಕ್ಯಾತಗಳು. ಚೀಟಿಯ ಮೇಲೆ ನನ್ನದೇ ಅಕ್ಷರ: ‘ಜುಗೂಳ. ಒಂದೇ ಜಾತಿ.’ ಎಷ್ಟು ಖಾತ್ರಿ ಇತ್ತು ನೋಡಿ ಆಗ ನನಗೆ!

ಎಂಬತ್ತರ ದಶಕದ ಕೊನೆ. ನಾನು ಚಿಕ್ಕೋಡಿಯಲ್ಲಿ ವಿಜ್ಞಾನದ ಮಾಸ್ತರ. ಕೃಷ್ಣೆ ಇಳಿದ ಮೇಲೆ ದಂಡೆಯ ಊರು ಜುಗೂಳದ ಬಾಳವ್ವ ನದಿಯ ಮರಳಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದಳು. ಓತಿಕ್ಯಾತಗಳ ಬಿಲವಿದ್ದಲ್ಲಿ ಜಾಲಿಮುಳ್ಳು ಊರಿ ಗುರುತು ಮಾಡಿ, ಅಲ್ಲಿ ಕಳೆ ಕೀಳುವ ಕುರ್ಚಿಗೆ ಆಡಿಸದಿರುವುದು ಅವಳ ಪದ್ಧತಿ. ಬಳ್ಳಿಯ ಹುಳ ತಿನ್ನುತ್ತವಲ್ಲ. ಬೇಸಿಗೆಯಲ್ಲಿ ಗಂಡುಗಳು ಗಂಟಲ ತೊಗಲನ್ನು ಬೀಸಣಿಗೆಯಂತೆ ಬಿಚ್ಚುತ್ತಿದ್ದವು. ಈ ದಂಡೆಯವಕ್ಕೆ ನೀಲಿ, ಆಚೆ ದಂಡೆಯವಕ್ಕೆ ಬಿಳಿ. ಅವಳೇ ಹುಲ್ಲಿನ ಕುಣಿಕೆ ಹಾಕಿ ಎರಡೂ ದಂಡೆಯಿಂದ ಮೂರು ಮೂರು ಹಿಡಿದುಕೊಟ್ಟಳು.

“ಕಲಸಬ್ಯಾಡ್ರಿ ಸರ್, ಎರಡ ಬಾಟ್ಲಿ ಮಾಡ್ರಿ. ಇವು ಬ್ಯಾರೆ, ಅವು ಬ್ಯಾರೆ.”

“ಅದು ವಯಸ್ಸಿನ ಫರಕ, ಬಾಳವ್ವಾ. ಪುಸ್ತಕದಾಗ ಒಂದ ಐತಿ.”

“ಪುಸ್ತಕ ಬರದಾವ್ರು ಇಲ್ಲಿಗೆ ಬಂದಿದ್ರೇನ್ರಿ?”

ನಕ್ಕೆ. ನಿಜ ಹೇಳಬೇಕೆಂದರೆ ನನ್ನ ಹತ್ತಿರ ಇದ್ದದ್ದೇ ಒಂದು ಬಾಟಲಿ. ಹೆಂಡತಿಯ ಉಪ್ಪಿನಕಾಯಿ ಭರಣಿ ಕೇಳುವ ಧೈರ್ಯವಿರಲಿಲ್ಲ. ವಿಜ್ಞಾನ ಹೀಗೂ ತೀರ್ಮಾನವಾಗುತ್ತದೆ.

ಕೆಲವು ವರ್ಷಗಳಲ್ಲಿ ಜುಗೂಳದ ದಂಡೆಗೆ ಮರಳಿನ ಲಾರಿಗಳು ಇಳಿದವು. ಒಂದು ದಿನ ಬಾಳವ್ವ ಶಾಲೆಗೇ ಬಂದಳು. “ನೀಲಿ ಗಂಟಲದ್ದು ಒಂದೂ ಕಾಣವಲ್ದ್ರಿ ಸರ್. ಬಾಟ್ಲ್ಯಾಗಿನವಾದ್ರೂ ಒಮ್ಮೆ ತೋರಸ್ರಿ.” ತೋರಿಸಿದೆ. ಬಣ್ಣ ಹೋಗಿ ಆರೂ ಬೂದಿ ಬಣ್ಣಕ್ಕೆ ತಿರುಗಿದ್ದವು. ಬಾಟಲಿ ತಿರುಗಿಸಿ ತಿರುಗಿಸಿ ನೋಡಿದಳು. “ನನಗೂ ಗುರ್ತ ಸಿಗವಲ್ದ್ರಿ,” ಎಂದು ಕೆಳಗಿಟ್ಟಳು. ಬೈದಿದ್ದರೆ ವಾಸಿಯಿತ್ತು.

ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಕಡಲದಂಡೆಯ ಮರಳದಿಬ್ಬಗಳಲ್ಲಿ ಕಣ್ಣಿಗೆ ಒಂದೇ ಎನಿಸುವ ಹಲ್ಲಿಗಳೂ ಒಳಗೆ ಬೇರೆ ಬೇರೆ ಇರಬಹುದಂತೆ. ನಡುವೆ ನೀರು ಬಂದು ದೂರವಾದಂಥವು ಕಾಲಾಂತರದಲ್ಲಿ ಬೇರೆಯೇ ಆಗುತ್ತವಂತೆ. ಹಾಗಾದರೆ ನಡುವೆ ಕೃಷ್ಣೆ ಹರಿದರೆ? ಅಥವಾ ನಾನಂದದ್ದೇ ಸರಿಯೋ, ಬರೀ ವಯಸ್ಸೋ? ಬಾಳವ್ವ ಈಗಿಲ್ಲ. ನನಗಂತೂ ತಲೆಬುಡ ಹರಿಯುತ್ತಿಲ್ಲ.

ಉಪ್ಪಿನಕಾಯಿ ಭರಣಿ ತೊಳೆದು ಪಕ್ಕದಲ್ಲಿಟ್ಟುಕೊಂಡು ಕೂತಿದ್ದೇನೆ. ಹೆಂಡತಿ ಈಗ ಕೇಳಿದ ಕೂಡಲೇ ಕೊಟ್ಟಳು. ಚಿಮಟ ಒಂದರ ಹತ್ತಿರ ಹೋಗುತ್ತದೆ, ಹಿಂದಕ್ಕೆ ಬರುತ್ತದೆ. ಯಾವ ಮೂರು?

ಭರಣಿ ಖಾಲಿಯೇ ಉಳಿಯಿತು. ಚೀಟಿಯಲ್ಲಿ ‘ಒಂದೇ ಜಾತಿ’ ಹೊಡೆದುಹಾಕಿ ಬರೆದೆ: ‘ಬಾಳವ್ವ ಎರಡು ಎಂದಿದ್ದಳು. ಕಲಸಿದವನು ನಾನು.’